ನಮ್ಮಕ್ಕ ಮುಗಿಸಿದ ಡಚ್ ಗೋಡೆ

ಸ್ಕಿಪೋಲ್ ವಿಮಾನ ನಿಲ್ದಾಣ

ಹೊರದೇಶಕ್ಕೆ ಹೋಗಿಬಂದವರು ಮೊದಲು ಅಲ್ಲಿಯ ಚಳಿಯನ್ನೋ ಚೊಕ್ಕಟ ರಸ್ತೆಗಳನ್ನೋ ವರ್ಣಿಸುತ್ತಾರೆ. ನಾನು ಹಲ್ಲುಪುಡಿಯಿಂದ ಶುರುಮಾಡಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ವಿಮಾನ ಇಳಿದು ಹೊರಗೆ ಬರುವ ಬಾಗಿಲಲ್ಲೇ ಸುಂಕದ ಅಧಿಕಾರಿಯೊಬ್ಬ ನನ್ನ ಚೀಲ ಬಿಚ್ಚಿಸಿ, ನಮ್ಮ ನಂಜನಗೂಡಿನ ನಸುಗೆಂಪು ಹಲ್ಲುಪುಡಿಯ ಪೊಟ್ಟಣಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಇಷ್ಟೊಂದು ಪುಡಿ ಯಾತಕ್ಕೆ ಎಂದು ಕೇಳಿದ. ಗಾಬರಿಯಲ್ಲಿ ನಿಜ ಹೇಳಿಬಿಟ್ಟೆ. ಮನೆ ಕಟ್ಟುವುದಕ್ಕೆ ಎಂದೆ.

ಆತ ಜೊತೆಯವನನ್ನು ಕರೆದ, ಜೊತೆಯವನು ಮೇಲಿನವನನ್ನು ಕರೆದ. ಮೂವರೂ ಪೊಟ್ಟಣ ಮೂಸಿ ನೋಡಿದರು. ಇನ್ನೇನು ನನ್ನನ್ನು ಒಳಗೆ ಕರೆದೊಯ್ಯುತ್ತಾರೆ ಎನ್ನುವಾಗ ಪಕ್ಕದಲ್ಲಿದ್ದ ನಮ್ಮಕ್ಕ ಒಂದು ಪೊಟ್ಟಣ ಒಡೆದು, ಅಂಗೈಗೆ ಚಿಟಿಕೆ ಸುರಿದುಕೊಂಡು, ತೋರುಬೆರಳಿನಿಂದ ಮೇಲಿನ ಸಾಲು ಕೆಳಗಿನ ಸಾಲು ಎಂದು ಹಲ್ಲುಜ್ಜಿ ತೋರಿಸಿದಳು. ನಮ್ಮ ಗೌರಕ್ಕ ತಿ. ನರಸೀಪುರದ ಅಂಗನವಾಡಿಯಲ್ಲಿ ಟೀಚರಾಗಿ ನಿವೃತ್ತಳಾದವಳು. ಎಷ್ಟೋ ವರ್ಷ ಮಕ್ಕಳಿಗೆ ಹೀಗೇ ತೋರಿಸಿಕೊಟ್ಟವಳು. ಮೂವರು ಅಧಿಕಾರಿಗಳೂ ನಕ್ಕು, ಬಾಯಿ ತೊಳೆಯಲು ಅವಳಿಗೆ ನೀರಿನ ಬಾಟಲಿ ಕೊಟ್ಟು ಕಳಿಸಿದರು.

ಮನೆ ಕಟ್ಟುವ ಮಾತು ಸುಳ್ಳಾಗಿರಲಿಲ್ಲ. ನನಗೆ ನಂಜನಗೂಡು ಪೇಟೆಯಲ್ಲಿ ಸಿಮೆಂಟು, ಬಣ್ಣ, ಮೊಳೆ ಮಾರುವ ಅಂಗಡಿ ಇದೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ರಟ್ಟಿನ ಪುಟಾಣಿ ಮನೆಗಳನ್ನು ಕಟ್ಟುವುದು ನನ್ನ ಚಟ. ದಸರಾ ಬೊಂಬೆ ಕೂರಿಸುವಾಗ ಪಕ್ಕದಲ್ಲಿಡಲೆಂದು ಶುರುವಾದದ್ದು. ನನ್ನ ಮೊದಲ ಮನೆಯನ್ನು ನೋಡಿದ ಹೆಂಡತಿ, ಇದು ಇಟ್ಟಿಗೆ ಮನೆಯಲ್ಲ, ಕೆಂಪು ಬಳಿದ ಸೋಪಿನ ಡಬ್ಬಿ ಎಂದಳು. ಆ ಅವಮಾನದಿಂದ ನಾನು ಇಟ್ಟಿಗೆಯನ್ನು ಕಣ್ಣಿಟ್ಟು ನೋಡುವುದನ್ನು ಕಲಿತೆ. ನರಸೀಪುರದ ಕಡೆಯ ಇಟ್ಟಿಗೆಗೂಡುಗಳಿಂದ ಬರುವ ಲೋಡಿನಲ್ಲಿ ಒಂದರ ಬಣ್ಣ ಇನ್ನೊಂದಕ್ಕಿರುವುದಿಲ್ಲ. ಬೆಂಕಿಗೆ ಹತ್ತಿರವಿದ್ದದ್ದು ಕಪ್ಪಿಟ್ಟಿರುತ್ತದೆ, ದೂರವಿದ್ದದ್ದು ಅರೆಬೆಂದು ತಿಳಿಯಾಗಿರುತ್ತದೆ. ಹಾಗಾಗಿ ರಟ್ಟಿನ ಮೇಲೆ ಗೋಡೆಗೆ ಬಳಿಯುವ ಪುಟ್ಟಿಯನ್ನು ತೆಳ್ಳಗೆ ಹಚ್ಚಿ, ಅರೆ ಒಣಗಿದಾಗ ಸೂಜಿಯಿಂದ ಇಟ್ಟಿಗೆಯ ಗೆರೆ ಕೊರೆದು, ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಮುಟ್ಟಿಸುತ್ತೇನೆ. ಕೊನೆಗೆ ಕುಂಚದಲ್ಲಿ ಹಲ್ಲುಪುಡಿ ಉದುರಿಸಿದರೆ ಬಿಸಿಲಲ್ಲಿ ನಿಂತು ಹಳತಾದ ಗೋಡೆಯ ಕಳೆ ಬರುತ್ತದೆ.

ಇದೇ ಚಟದವರು ಫೋಟೋ ಹಂಚಿಕೊಳ್ಳುವ ಗುಂಪೊಂದು ಮೊಬೈಲಿನಲ್ಲಿದೆ. ಆ ಪುಡಿ ಯಾವುದು ಎಂದು ಅಲ್ಲಿ ಕೇಳಿದವರು ಹೆಂಕ್ ಎಂಬ ಡಚ್ ಹಿರಿಯರು. ಕೇಳುತ್ತ ಹೇಳುತ್ತ ಸ್ನೇಹ ಬೆಳೆಯಿತು. ತಮ್ಮೂರಿನ ಮಾದರಿ ಮನೆಗಳ ಪ್ರದರ್ಶನಕ್ಕೆ ಬನ್ನಿ, ಪುಡಿಯನ್ನೂ ತನ್ನಿ ಎಂದು ಕರೆದರು. ಅಂಗಡಿಯಲ್ಲಿ ಕೂರುವವರು ಬೇಕಲ್ಲ, ಹಾಗಾಗಿ ಹೆಂಡತಿ ಉಳಿದಳು. ಮಸ್ಕತ್‌ನ ಮಗಳ ಮನೆಗೆ ಹೋಗಲು ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದ ಅಕ್ಕ, ರಾಗಿಹಿಟ್ಟು ಚಟ್ನಿಪುಡಿ ಕಟ್ಟಿಕೊಂಡು ಹೊರಟೇಬಿಟ್ಟಳು.

ಮಾತಾಡಬಾರದ ಡಬ್ಬಿ

ಹೆಂಕ್ ಅವರ ಊರು ಐಸೆಲ್ ಎಂಬ ಹೊಳೆಯ ದಂಡೆಯಲ್ಲಿದೆ. ಜುಟ್‌ಫೆನ್ ಎಂಬಲ್ಲಿಯವರೆಗೆ ರೈಲು. ಹತ್ತಿ ಕುಳಿತ ಕೂಡಲೇ ಅಕ್ಕ ನನ್ನ ಹೆಂಡತಿಗೆ ವಿಡಿಯೋ ಕಾಲ್ ಮಾಡಿ, ಕಿಟಕಿಯಾಚೆಯ ಹಸುಗಳನ್ನು ತೋರಿಸುತ್ತ, ಅಲ್ಲಿಯ ಮಳೆ ಬೆಳೆ ವಿಚಾರಿಸುತ್ತ ಕೂತಳು. ಹೆಂಡತಿ ಅಂಗಡಿಯಿಂದಲೇ ಬಿಳಿ ಸಿಮೆಂಟು ಮುಗಿದಿದೆ, ಯಾರಿಗೆ ಫೋನ್ ಮಾಡಲಿ ಎಂದು ಕೂಗುತ್ತಿದ್ದಳು. ರೈಲುಡಬ್ಬಿಯಲ್ಲಿ ಇದ್ದವರೆಲ್ಲ ತಲೆ ತಗ್ಗಿಸಿ ಓದುತ್ತಿದ್ದರು. ನಮ್ಮನ್ನು ಯಾರೂ ಗದರಲಿಲ್ಲ. ಎದುರಿಗಿದ್ದ ಹುಡುಗಿ ಮಾತ್ರ ನಾಚಿಕೊಂಡು ಕಿಟಕಿಯ ಗಾಜಿನ ಮೇಲಿದ್ದ ಬರಹ ತೋರಿಸಿದಳು. ಅದು ಮಾತಾಡದೆ ಕೂರುವವರ ಡಬ್ಬಿಯಂತೆ.

ನಂಜನಗೂಡಿನಿಂದ ಮೈಸೂರಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಮಾತಾಡದೆ ಕೂತರೆ ಮೈಗೆ ಹುಷಾರಿಲ್ಲವೇ ಎಂದು ಪಕ್ಕದವರು ವಿಚಾರಿಸುತ್ತಾರೆ. ಅಕ್ಕನಿಗೆ ವಿಷಯ ತಿಳಿಸಿದೆ. ಅವಳು ಫೋನ್ ಇಟ್ಟು, ಆ ಹುಡುಗಿಗೆ ಒಂದು ಕೋಡುಬಳೆ ಕೊಟ್ಟಳು. ಅದನ್ನು ಸದ್ದಾಗದಂತೆ ತಿನ್ನಲು ಆ ಹುಡುಗಿ ಪಟ್ಟ ಪಾಡು ನೋಡಿ ನನಗೇ ಅಯ್ಯೋ ಅನ್ನಿಸಿತು.

ಐಸೆಲ್ ದಂಡೆ

ಹೆಂಕ್ ಸ್ಟೇಷನ್ನಿಗೆ ಬಂದಿದ್ದರು. ಬಸ್ ಓಡಿಸಿ ನಿವೃತ್ತರಾದವರು, ಮದುವೆಯಾಗದವರು, ನೀಳ ಮನುಷ್ಯ. ಊರೊಳಗೆ ಕಾಲಿಟ್ಟರೆ ಎಲ್ಲೆಲ್ಲೂ ಇಟ್ಟಿಗೆಯೇ. ಮನೆ ಇಟ್ಟಿಗೆಯದು, ಚರ್ಚು ಇಟ್ಟಿಗೆಯದು, ರಸ್ತೆಗೂ ಇಟ್ಟಿಗೆಯನ್ನೇ ನೆಟ್ಟು ಹಾಸಿದ್ದಾರೆ. ಆ ಹೊಳೆದಂಡೆಯ ಜೇಡಿಮಣ್ಣಿನಿಂದ ಇಟ್ಟಿಗೆ ಸುಡುವ ಕಾರ್ಖಾನೆಗಳು ಒಂದು ಕಾಲಕ್ಕೆ ಬೇಕಾದಷ್ಟಿದ್ದವಂತೆ. ನನಗಂತೂ ಸಂಭ್ರಮ. ಪ್ರತಿ ಗೋಡೆಯ ಮುಂದೆಯೂ ನಿಂತು, ಎಲ್ಲಿ ಕಪ್ಪು ಇಟ್ಟಿಗೆ ಬಂದಿದೆ, ಎಲ್ಲಿ ಪಾಚಿ ಹಿಡಿದಿದೆ, ಎಲ್ಲಿ ತುಂಡು ಸೇರಿಸಿ ಮೂಲೆ ಮುಗಿಸಿದ್ದಾರೆ ಎಂದು ನೋಡುತ್ತಿದ್ದೆ.

ಅಕ್ಕ ನೋಡುತ್ತಿದ್ದದ್ದೇ ಬೇರೆ.

"ಇಟ್ಟಿಗೆಯ ನೆಲಕ್ಕಾಕವ್ರೆ, ಗ್ವಾಡೆಗೆ ಪ್ಲಾಸ್ಟ್ರಿಂಗ್ ಮಾಡ್ಸಿಲ್ಲ. ಕಿಟ್ಕಿಗೊಂದ್ ಪರದೆ ಇಲ್ಲ ಕಣ್ಲಾ ಮಾದೇವ," ಎಂದಳು ಮೆಲ್ಲಗೆ.

ಅದು ನಿಜವೇ. ಅಲ್ಲಿಯ ಜನ ಕಿಟಕಿಗೆ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗೆ ಊಟಮಾಡುವವರ ತಟ್ಟೆ ಕಾಣುತ್ತದೆ. ಅಕ್ಕ ಸೆರಗು ಸರಿಮಾಡಿಕೊಂಡು ಮುಖ ಆಚೆ ತಿರುಗಿಸಿ ನಡೆದಳು. ಮನೆ ಸೇರಿದ ಮೇಲೆ ಹೆಂಕ್ ಕಾಫಿ ಕೊಟ್ಟು, ಡಬ್ಬಿಯಿಂದ ಒಬ್ಬೊಬ್ಬರಿಗೆ ಒಂದೊಂದೇ ಬಿಸ್ಕತ್ತು ತೆಗೆದುಕೊಟ್ಟು ಮುಚ್ಚಳ ಹಾಕಿದರು. ಅದು ಅಲ್ಲಿಯ ಪದ್ಧತಿಯಂತೆ. ಅಕ್ಕನ ಮನಸ್ಸಿನಲ್ಲಿ ಇವರು ಬಡವರೆಂಬ ಲೆಕ್ಕ ಮುಗಿದುಹೋಯಿತು. ಆ ಸಂಜೆ ಅವಳು ಕಟ್ಟಿಕೊಂಡು ಬಂದಿದ್ದ ಕೋಡುಬಳೆಯ ಡಬ್ಬವನ್ನು ಇಡಿಯಾಗಿ ಹೆಂಕ್ ಅವರ ಅಡುಗೆಮನೆಯಲ್ಲಿಟ್ಟುಬಿಟ್ಟಳು. ಅವರು ಬಡವರಲ್ಲ, ಇಲ್ಲಿ ಇಟ್ಟಿಗೆ ಕಾಣಬೇಕೆಂದೇ ಹೀಗೆ ಬಿಡುತ್ತಾರೆ ಎಂದು ನಾನು ನಗುತ್ತ ಹೇಳಿದೆ. ಕಾಣಬೇಕೆಂದು ಯಾರಾದರೂ ಬಿಡುತ್ತಾರೆಯೇ ಎಂದು ಅವಳು ನನ್ನನ್ನೇ ಕನಿಕರದಿಂದ ನೋಡಿದಳು.

ಅವಳು ಹಾಗೆ ಅಂದುಕೊಳ್ಳಲು ಕಾರಣವಿತ್ತು. ನರಸೀಪುರದಲ್ಲಿ ನಮ್ಮ ಭಾವ ಗೋಡೆ ಎಬ್ಬಿಸಿ, ತಾರಸಿ ಹಾಕಿಸಿ, ಪ್ಲಾಸ್ಟರಿಂಗ್ ಆಗುವ ಮೊದಲೇ ತೀರಿಹೋದರು. ಅಕ್ಕ ಆ ಬರೀ ಇಟ್ಟಿಗೆಯ ಮನೆಯಲ್ಲೇ ವರ್ಷಗಟ್ಟಲೆ ಬದುಕಿದಳು. ಯಾರಾದರೂ ವಿಳಾಸ ಕೇಳಿದರೆ ಬೀದಿಯವರು, ಅದೇ ಪ್ಲಾಸ್ಟರಿಂಗ್ ಆಗಿಲ್ವಲ್ಲ ಆ ಮನೆ ಎನ್ನುತ್ತಿದ್ದರು. ಹೆಣ್ಣು ನೋಡಲು ಬಂದವರು ಮಗಳ ಮುಖಕ್ಕಿಂತ ಮೊದಲು ಗೋಡೆ ನೋಡುತ್ತಿದ್ದರು. ನಮ್ಮ ಕಡೆ ಬರೀ ಇಟ್ಟಿಗೆ ಎಂದರೆ ಕೈ ಸೋತವರ ಮನೆ ಎಂದೇ ಅರ್ಥ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದವಳಿಗೆ ನನ್ನ ವಿವರಣೆ ರುಚಿಸಲಿಲ್ಲ.

ಹೆಂಕ್ ಅವರ ಹಿತ್ತಿಲ ಕೋಣೆ

ಹಿತ್ತಿಲಲ್ಲಿ ಒಂದು ಮರದ ಕೋಣೆ. ಮಧ್ಯದ ಮೇಜಿನ ಮೇಲೆ, ಎರಡು ಕೈಯಲ್ಲಿ ಎತ್ತಬಹುದಾದಷ್ಟು ದೊಡ್ಡ ಒಂದು ಮನೆ. ನಾನು ಚಪ್ಪಲಿ ಕಳಚಿ ಒಳಗೆ ಹೋದೆ, ಯಾಕೆಂದು ಕೇಳಬೇಡಿ. ಇಟ್ಟಿಗೆ ಒಂದೊಂದೂ ಅಕ್ಕಿಕಾಳಿನಷ್ಟು. ಒಂದರ ಅಂಚು ಮುಕ್ಕಾಗಿದೆ, ಇನ್ನೊಂದು ನೀರು ಕುಡಿದು ಕಂದಿದೆ. ಕಿಟಕಿಯ ಮೇಲೆ ಇಟ್ಟಿಗೆ ನಿಲ್ಲಿಸಿದ ಕಮಾನು, ಅದರ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು. ನನ್ನ ಮನೆಗಳೆಲ್ಲ ಇದರ ಮುಂದೆ ಸೋಪಿನ ಡಬ್ಬಿಗಳೇ. ಹೊಟ್ಟೆಕಿಚ್ಚಾಗಬೇಕಿತ್ತು, ಖುಷಿಯೇ ಆಯಿತು.

ಅದು ಹೆಂಕ್ ಹುಟ್ಟಿದ ಮನೆ. ಅವರ ತಂದೆ ಇಟ್ಟಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಕೆಲಸಗಾರರ ಸಾಲುಮನೆಗಳ ಕೊನೆಯ ಮನೆ ಅವರದು. ಕಾರ್ಖಾನೆ ಮುಚ್ಚಿದ ಮೇಲೆ ಸಾಲನ್ನೇ ಕೆಡವಿದರು. ಮುಂಭಾಗದ ಒಂದು ಫೋಟೋ ಬಿಟ್ಟರೆ ಏನೂ ಉಳಿದಿಲ್ಲ. ಹೆಂಕ್ ಅವರಿಗೆ ಟೀನೆ ಎಂಬ ಅಕ್ಕ ಇದ್ದಾರೆ, ತೊಂಬತ್ತಕ್ಕೆ ಹತ್ತಿರವಾದವರು, ಬೇರೆ ಊರಿನ ವೃದ್ಧರ ಮನೆಯಲ್ಲಿರುತ್ತಾರೆ. ಹಳೆಯ ಮನೆಯ ಮಾತೆತ್ತಿದಾಗಲೆಲ್ಲ ಆಕೆ, ನೀನು ಚಿಕ್ಕವನು, ನಿನಗೆ ಆ ಮನೆ ಗೊತ್ತಿಲ್ಲ ಎಂದು ಬಾಯಿ ಮುಚ್ಚಿಸಿಬಿಡುತ್ತಾರಂತೆ. ಶನಿವಾರದ ಪ್ರದರ್ಶನಕ್ಕೆ ಅವರನ್ನು ಕರೆತರುತ್ತಾರೆ. ಅವರು ಇದನ್ನು ನೋಡಿ, ಹೌದು, ಇದೇ ನಮ್ಮ ಮನೆ ಎನ್ನಬೇಕು. ಹೆಂಕ್ ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಕೈ ನಡುಗುವ ಕಾಯಿಲೆ ಶುರುವಾಗಿತ್ತು, ಇನ್ನೊಂದು ಮನೆ ಕಟ್ಟಲಾರೆ ಎಂದು ಅವರಿಗೆ ಗೊತ್ತಿತ್ತು.

ಪಕ್ಕದ ಗೋಡೆಯೊಂದರಲ್ಲಿ ಮಾತ್ರ ಕೆಲಸ ಬಾಕಿಯಿತ್ತು. ಇಟ್ಟಿಗೆ ಕೊರೆದು ಬಣ್ಣ ಹಾಕಿ ಆಗಿತ್ತು. ಇಟ್ಟಿಗೆಗಳ ನಡುವಿನ ಗೆರೆಗಳಿಗೆ ಗಾರೆಯಂತೆ ಗಟ್ಟಿಯಾಗುವ ಬಿಳಿಪುಡಿಯನ್ನು ನೀರಾಗಿ ಕಲಸಿ ಇಳಿಸಿ, ಮೇಲಿನದನ್ನು ತಕ್ಷಣ ಒರೆಸಿ, ನನ್ನ ಹಲ್ಲುಪುಡಿ ಉದುರಿಸಿದರೆ ಮುಗಿಯಿತು. ಹೆಂಕ್ ಏನು ಹೇಳುತ್ತಿದ್ದಾರೆ ಎಂದು ಅಕ್ಕ ಕೇಳಿದಳು. ಆ ಗೋಡೆ ಇನ್ನೂ ಮುಗಿದಿಲ್ಲ, ಶನಿವಾರದೊಳಗೆ ಆಗಬೇಕು, ಕೈ ನಡುಗುತ್ತೆ ಅಂತಾರೆ ಎಂದೆ.

ಶುಕ್ರವಾರ

ಮೇಜು ಬೆಂಚು ಜೋಡಿಸುವ ಕೆಲಸಕ್ಕೆಂದು ನಾನೂ ಹೆಂಕ್ ಅವರೂ ಪ್ರದರ್ಶನದ ಸಭಾಂಗಣಕ್ಕೆ ಹೋದೆವು. ಅಕ್ಕ ಮಂಡಿನೋವೆಂದು ಮನೆಯಲ್ಲೇ ಉಳಿದಳು. ಹಿಂತಿರುಗಿ ಬಂದಾಗ ಅವಳು ಹಿತ್ತಿಲ ಕೋಣೆಯ ಬಾಗಿಲಲ್ಲಿ ನಿಂತು ಕೈ ತೊಳೆಯುತ್ತಿದ್ದಳು. ಮುಖದಲ್ಲಿ ಹಬ್ಬದ ದಿನದ ಕಳೆಯಿತ್ತು.

ಗೋಡೆ ಮುಗಿದಿತ್ತು. ಡಬ್ಬಿಯಲ್ಲಿದ್ದ ಬಿಳಿಪುಡಿಯನ್ನು ಗಟ್ಟಿಯಾಗಿ ಕಲಸಿ, ಚಮಚದ ಬೆನ್ನಿನಿಂದ ಎಳೆದು, ಒದ್ದೆ ಬೆರಳಿನಿಂದ ನಯಮಾಡಿ, ಒಂದೇ ಒಂದು ಇಟ್ಟಿಗೆಯೂ ಕಾಣದ ಹಾಗೆ ಮೆತ್ತಿದ್ದಳು. ಮೂಲೆಗಳು ನೂಲು ಹಿಡಿದಷ್ಟು ನೇರ. ಅಷ್ಟು ಸಾಲದೆಂದು ನಮ್ಮೂರ ಮನೆಗಳಿಗೆ ಕೆಮ್ಮಣ್ಣು ಬಳಿಯುತ್ತಾರಲ್ಲ, ಹಾಗೆ ಗೋಡೆಯ ಬುಡಕ್ಕೆ ಹಲ್ಲುಪುಡಿಯ ಪಟ್ಟಿಯನ್ನೂ ಎಳೆದಿದ್ದಳು.

ಹೆಂಕ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಒಂದು ಇಡೀ ಚಳಿಗಾಲ ನಡುಗುವ ಕೈಯಲ್ಲಿ ಸೂಜಿ ಹಿಡಿದು ಅವರು ಆ ಗೋಡೆ ಕೊರೆದಿದ್ದರು. ಏನು ಮಾಡಿದೆ ನೀನು ಎಂದು ಅಕ್ಕನ ಮೇಲೆ ರೇಗಿದೆ.

ಅವಳ ಮುಖ ಇಳಿದುಹೋಯಿತು. "ಮುಗ್ದಿಲ್ಲ ಅಂತ ನೀನೇ ಅಂದ್ಯಲ್ಲಪ್ಪ. ಗ್ವಾಡೆ ಬರೀ ಮೈಲಿ ನಿಂತಿತ್ತು. ನಾಳೆ ಅವ್ರಕ್ಕ ಬತ್ತಾರೆ, ನಾಕ್ ಜನ ನೋಡ್ತಾರೆ. ಆವಯ್ಯಂಗೆ ಕೈ ಆಗಲ್ಲ, ನಾನಾದ್ರೂ ಮಾಡವ ಅಂತ ಮಾಡ್ದೆ."

ಮೂವರೂ ಒದ್ದೆ ಬಟ್ಟೆ ಹಿಡಿದು ಒರೆಸಲು ಕೂತೆವು. ಮೇಲಿನ ಅರ್ಧ ಬಿಟ್ಟುಕೊಂಡಿತು, ಆದರೆ ಜೊತೆಯಲ್ಲಿ ಬಣ್ಣವನ್ನೂ ಎಬ್ಬಿಸಿಕೊಂಡು ಬಂತು. ಇಟ್ಟಿಗೆಯ ಅಂಚುಗಳು ಸವೆದು, ಜ್ವರ ಬಿಟ್ಟವರ ಮುಖದ ಹಾಗೆ ಗೋಡೆ ಪೇಲವವಾಯಿತು. ಕೆಳಗಿನ ಅರ್ಧ ಆಗಲೇ ಕಚ್ಚಿಕೊಂಡಿತ್ತು. ಹೆಂಕ್ ಬಟ್ಟೆ ಕೆಳಗಿಟ್ಟು, ಸಾಕು, ಆ ಬದಿಯನ್ನು ಸಭಾಂಗಣದ ಗೋಡೆಗೆ ತಿರುಗಿಸಿ ಇಡೋಣ ಎಂದರು. ನಂತರ ಅಕ್ಕನಿಗೂ ಕಾಫಿ ಮಾಡಿಕೊಟ್ಟರು. ಆ ದಿನ ಬಿಸ್ಕತ್ತಿನ ಡಬ್ಬಿಯನ್ನು ತೆರೆದೇ ಇಟ್ಟಿದ್ದರು. ಬೈದಿದ್ದರೆ ನಮಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಶನಿವಾರ, ಸಭಾಂಗಣ

ನಮ್ಮಲ್ಲಿ ಬೊಂಬೆ ನೋಡಲು ಬಂದವರು ಬೊಂಬೆಯನ್ನು ಮುಟ್ಟಿ, ಎತ್ತಿ, ತಳ ತಿರುಗಿಸಿ ನೋಡುತ್ತಾರೆ. ಆ ಸಭಾಂಗಣದಲ್ಲಿ ಎಲ್ಲರೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸೊಂಟ ಬಗ್ಗಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದರು. ಪುಟಾಣಿ ಚರ್ಚು, ಸ್ಟೇಷನ್ನು, ಗಾಳಿಯಂತ್ರಗಳ ನಡುವೆ ಹೆಂಕ್ ಅವರ ಮನೆಯ ಮುಂದೆಯೇ ಹೆಚ್ಚು ಜನ ನಿಂತರು. ತಮ್ಮನ್ನು ಹೊಗಳಿದವರಿಗೆಲ್ಲ ಹೆಂಕ್ ನನ್ನ ಹಲ್ಲುಪುಡಿಯನ್ನು ಪರಿಚಯಿಸಿದರು. ಅಕ್ಕ ಮೂಲೆಯ ಕುರ್ಚಿಯಲ್ಲಿ, ಬೆಳಿಗ್ಗೆ ಹಚ್ಚಿದ ವಿಭೂತಿ ಅಳಿಸದ ಹಾಗೆ ಹಣೆಯ ಬೆವರು ಒತ್ತಿಕೊಳ್ಳುತ್ತ, ಕೂತಿದ್ದಳು.

ಟೀನೆಯವರು ಗಾಲಿಕುರ್ಚಿಯಲ್ಲಿ ಬಂದರು. ಸಣ್ಣ ಜೀವ, ಮಡಿಲಲ್ಲಿ ಕೈಚೀಲ. ಹೆಂಕ್ ಮುಂಭಾಗದ ಬಾಗಿಲು ತೋರಿಸಿದರು, ಕಮಾನು ತೋರಿಸಿದರು, ಬಿರುಕನ್ನೂ ತೋರಿಸಿದರು. ಟೀನೆ ಚೆನ್ನಾಗಿದೆ ಚೆನ್ನಾಗಿದೆ ಎಂದು ತಲೆಯಾಡಿಸಿದರು, ಅಷ್ಟೇ. ನೆಂಟರ ಮನೆಯ ಮದುವೆಯ ಫೋಟೋ ನೋಡುವವರ ಹಾಗಿತ್ತು ಆ ಮುಖ. ಹೆಂಕ್ ಅವರ ಕಿವಿ ಕೆಂಪಾಯಿತು. ಆಮೇಲೆ ಟೀನೆ ಬೆರಳಿನಿಂದ ಗಾಳಿಯಲ್ಲಿ ಸುತ್ತಿಸಿ ತೋರಿಸಿದರು. ಮನೆಯನ್ನು ತಿರುಗಿಸು, ಆಚೆ ಬದಿ ನೋಡಬೇಕು ಎಂದು. ಹೆಂಕ್ ಅದಿನ್ನೂ ಮುಗಿದಿಲ್ಲ ಎಂದರು. ಆಕೆ ಕೇಳಲಿಲ್ಲ. ಮನೆ ತಿರುಗಿತು.

ಮೇಲೆ ಪೇಲವ ಇಟ್ಟಿಗೆ, ಕೆಳಗೆ ಬಿಳಿ ಗಾರೆ, ನಡುವೆ ಚಿಂದಿಯಂಥ ಅಂಚು. ಟೀನೆ ಕನ್ನಡಕ ಸರಿಮಾಡಿಕೊಂಡರು. ಇದೇನು ಎಂದು ಕೇಳಿರಬೇಕು. ಹೆಂಕ್ ಉತ್ತರಿಸುವ ಮೊದಲೇ ಅಕ್ಕ ಕುರ್ಚಿಯಿಂದ ಎದ್ದು ಬಂದು ಟೀನೆಯವರ ಮುಂದೆ ನಿಂತಳು.

"ನಾನ್ ಮಾಡಿದ್ದು ಅಂತ ಯೋಳು ಮಾದೇವ. ಕೆಡಿಸ್ಬೇಕು ಅಂತ ಮಾಡ್ನಿಲ್ಲ, ಗ್ವಾಡೆ ನೋಡಿ ಒಟ್ಟೆ ಉರೀತು, ಅದ್ಕೆ ಮಾಡ್ದೆ ಅಂತ್ಲೂ ಯೋಳು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹೆಂಕ್ ಅದನ್ನು ಡಚ್ಚಿಗೆ ತಿರುಗಿಸಿದರು. ಟೀನೆ ಅಕ್ಕನನ್ನು, ಅವಳ ಸೀರೆಯನ್ನು, ಕೈಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಾತಾಡತೊಡಗಿದರು. ಹೆಂಕ್ ಒಂದೊಂದೇ ವಾಕ್ಯವನ್ನು ನನಗೆ ಹೇಳುತ್ತ ಬಂದವರು ನಡುವೆ ನಿಲ್ಲಿಸಿಬಿಟ್ಟರು. ಅವರೂ ಅದನ್ನು ಮೊದಲ ಸಲ ಕೇಳುತ್ತಿದ್ದರು. ಉಳಿದದ್ದನ್ನು ನೆಲ ನೋಡುತ್ತ ಹೇಳಿದರು.

ಹೆಂಕ್ ಹುಟ್ಟುವ ಮೊದಲು ಆ ಮನೆಯಲ್ಲಿ ವಿಮ್ ಎಂಬ ಮಗುವಿತ್ತು. ಸತ್ತುಹೋಗಿತ್ತು ಎಂಬುದಷ್ಟು ಹೆಂಕ್ ಅವರಿಗೆ ಗೊತ್ತಿತ್ತು. ಟೀನೆ ಆಗ ಶಾಲೆಗೆ ಹೋಗುವ ಹುಡುಗಿ. ಅವಳೂ ಮಗುವೂ ಮಲಗುತ್ತಿದ್ದದ್ದು ಆ ಗೋಡೆಗೆ ಒತ್ತಿಕೊಂಡಿದ್ದ ಮಂಚದಲ್ಲಿ. ಹೊಳೆಯ ಕಡೆಯಿಂದ ಮಳೆ ಹೊಡೆಯುವ ಗೋಡೆ ಅದು, ಬರೀ ಇಟ್ಟಿಗೆಯದು. ಅಂಥ ಗೋಡೆ ನೀರು ಕುಡಿಯುತ್ತದೆ. ನನ್ನ ಅಂಗಡಿಗೆ ಮಳೆಗಾಲದಲ್ಲಿ ಬರುವ ಗಿರಾಕಿಗಳೆಲ್ಲ ಹೇಳುವುದು ಅದನ್ನೇ. ಚಳಿಗಾಲವಿಡೀ ಆ ಗೋಡೆ ಒಳಗೂ ಒದ್ದೆ. ತಾಯಿ ದಿನಾ ಬೆಳಿಗ್ಗೆ ಎದ್ದು ಅಂಗೈಯ ಹಿಂಬದಿಯನ್ನು ಗೋಡೆಗೆ ತಾಗಿಸಿ ಒಣಗಿದೆಯೇ ಎಂದು ನೋಡುತ್ತಿದ್ದರು. ಹೊರಗಿನಿಂದ ಗಾರೆ ಮಾಡಿಸಿ ಎಂದು ಗಂಡನನ್ನು ಬೇಡಿಕೊಂಡರು. ತಾನೇ ಅಚ್ಚು ಹಾಕಿ ಸುಟ್ಟ ಇಟ್ಟಿಗೆಯನ್ನು ಕದ್ದ ಮಾಲಿನ ಹಾಗೆ ಮುಚ್ಚಿಡಲಾರೆ ಎಂದು ತಂದೆ ಒಪ್ಪಲಿಲ್ಲ. ಮಗುವಿಗೆ ಎದೆ ಕಟ್ಟಿಕೊಂಡಿತು. ಚಳಿಗಾಲ ಮುಗಿಯುವ ಮೊದಲೇ ಹೋಯಿತು.

ಕೊನೆಗೆ ಟೀನೆ ಅಕ್ಕನ ಕಡೆಗೇ ತಿರುಗಿ ಒಂದು ಪ್ರಶ್ನೆ ಕೇಳಿದರು. ಹೆಂಕ್ ಅದನ್ನು ಇಂಗ್ಲಿಷಿನಲ್ಲಿ ನನಗೆ ದಾಟಿಸಿದರು. ಅಕ್ಕನಿಗೆ ನಮ್ಮ ಮಾತಿನಲ್ಲಿ ಹೇಳಿದೆ, "ಅರ್ಧಕ್ಕೇ ಯಾಕ್ ಬುಟ್ರಿ ಅಂತ ಕೇಳ್ತಾವ್ರೆ ಅಕ್ಕ."

ಅಕ್ಕ ಟೀನೆಯವರ ಕೈ ಹಿಡಿದುಕೊಂಡಳು.

ಹೆಂಕ್ ಎಲ್ಲೋ ಹೋದರು. ಬೇಜಾರಾಗಿ ಹೊರಟರೇನೋ ಎಂದುಕೊಂಡೆ. ಯಾರದೋ ಮೇಜಿನಿಂದ ಬಿಳಿಪುಡಿಯ ಡಬ್ಬಿ, ಚಮಚ, ಒಂದು ಬಟ್ಟಲು ನೀರು ಹಿಡಿದು ಬಂದರು. ಕೈ ನಡುಗಿ ಅರ್ಧ ನೀರು ಪ್ಯಾಂಟಿನ ಮೇಲೆ ಚೆಲ್ಲಿತ್ತು. ಅಕ್ಕ ಬಟ್ಟಲನ್ನು ಗಟ್ಟಿಯಾಗಿ ಹಿಡಿದಳು, ಅವರು ಕಲಸಿದರು. ನಡುಗುವ ಕೈಯಲ್ಲಿ ಗೆರೆ ಕೊರೆಯುವುದು ಕಷ್ಟ, ಗಾರೆ ಮೆತ್ತಲು ಅಂಥ ಕಷ್ಟವಿಲ್ಲ. ತಾವು ಒಂದೊಂದಾಗಿ ಕೊರೆದ ಇಟ್ಟಿಗೆಗಳನ್ನು ಹೆಂಕ್ ತಮ್ಮ ಬೆರಳಿನಿಂದಲೇ ಮುಚ್ಚುತ್ತ ಹೋದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡವರು ಸುತ್ತಲೂ ನಿಂತಿದ್ದರು. ಮೂಲೆಗೆ ಬಂದಾಗ ಅಕ್ಕ ಚಮಚ ತೆಗೆದುಕೊಂಡು ಅಂಚನ್ನು ನೇರ ಮಾಡಿಕೊಟ್ಟಳು.

ಸಭಾಂಗಣ ಖಾಲಿಯಾಯಿತು. ವೃದ್ಧರ ಮನೆಯ ವ್ಯಾನಿನವನು ಎರಡು ಸಲ ಬಂದು ಕರೆದ, ಟೀನೆ ಅಲುಗಾಡಲಿಲ್ಲ. ಮನೆಯನ್ನೇ ನೋಡುತ್ತ ಕೂತಿದ್ದರು. ಗಾರೆಯ ಬೂದುಬಣ್ಣ ಮೇಲಿನಿಂದ ಮೆಲ್ಲಮೆಲ್ಲಗೆ ಬಿಳಿಯಾಗುತ್ತ ಬುಡದವರೆಗೆ ಇಳಿಯಿತು. ಆಗ ಅವರು ಮುಂದಕ್ಕೆ ಬಗ್ಗಿ, ಅಂಗೈಯ ಹಿಂಬದಿಯನ್ನು ಗೋಡೆಗೆ ತಾಗಿಸಿದರು. ಹಾಗೇ ಹಿಡಿದಿದ್ದರು. ಒಂದೇ ಒಂದು ಪದ ಹೇಳಿದರು.

ಹೆಂಕ್ ಅದನ್ನು ಇಂಗ್ಲಿಷಿನಲ್ಲಿ ಹೇಳಲು ನನ್ನ ಕಡೆ ತಿರುಗುವ ಮೊದಲೇ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನನ್ನನ್ನು ಕೇಳಿದಳು, "ಒಣ್ಗದೆ ಅಂದ್ರು, ಅಲ್ವೇನ್ಲಾ?"